ಛೂ

ನಾಯಿಯನ್ನು ಯಾರ ಮೇಲಾದರೂ ಎತ್ತಿಕಟ್ಟಲು ತುಟಿ ಮುಂದೆ ಮಾಡಿ ಹೊರಡಿಸುವ ಸದ್ದೇ ಈ ಪದ. ಅನುಕರಣ ಶಬ್ದವಾದ್ದರಿಂದ ಧಾತು ಹುಡುಕುವ ಕಷ್ಟವಿಲ್ಲ. ವಾಕ್ಯದಲ್ಲಿ ಮಾತ್ರ ಸಾಮಾನ್ಯವಾಗಿ ಒಂಟಿಯಾಗಿ ನಿಲ್ಲದು, 'ಬಿಡು' ಜೊತೆಗಿರುತ್ತದೆ: ಛೂ ಬಿಡು. ಸ್ವಾರಸ್ಯವಿರುವುದೂ ಈ 'ಬಿಡು'ವಿನಲ್ಲೇ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಸುಮಾರು 949ರದು. ಮಣಲೇರ ಎಂಬ ವೀರ ತನ್ನ ಬೇಟೆನಾಯಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟದ್ದಕ್ಕೆ ಅಲ್ಲಿರುವುದೂ ಇದೇ ಕ್ರಿಯಾಪದ, 'ವಿಟ್ಟೊಡೆ' ಎಂಬ ರೂಪದಲ್ಲಿ. ಹಂದಿ, ನಾಯಿ ಎರಡೂ ಸತ್ತವು.

ಛೂ ಎಂದೊಡನೆ ನಾಯಿ ನುಗ್ಗುವುದೇಕೆ? ಓಡುವುದನ್ನು ಅಟ್ಟುವ ಚಪಲ ಮರಿಯಲ್ಲೇ ಇರುತ್ತದೆ. ಕಾವಲು ನಾಯಿಗೆ ಕಚ್ಚುವ ಕೆಲಸ ಕಲಿಸುವವರು ಮೊದಲು ಆ ಚಪಲವನ್ನು ಕೆರಳಿಸುತ್ತಾರೆ. ಹಗ್ಗದ ತುದಿಗೆ ಗೋಣಿ ಚಿಂದಿ ಕಟ್ಟಿ, ಮರಿಯ ಮುಖಕ್ಕೆ ಹಿಡಿಯದೆ, ಅದರಿಂದ ದೂರಕ್ಕೆ ನೆಲದ ಮೇಲೆ ಸರ್ರನೆ ಎಳೆಯುವುದು, ತಟಕ್ಕನೆ ನಿಲ್ಲಿಸುವುದು, ಮತ್ತೆ ಎಳೆಯುವುದು. ಬೇಟೆ ತಾನಾಗಿ ಬಾಯಿಗೆ ಬರುವುದಿಲ್ಲವಲ್ಲ! ಬಾಯಿ ತುಂಬ ಹಿಡಿದರೆ ಚಿಂದಿ ಮರಿಯದು. ದಣಿಯುವ ಮುನ್ನ ಆಟ ಮುಗಿಯಬೇಕು. ಹಲ್ಲು ಬದಲಾಗುವ 4ರಿಂದ 6 ತಿಂಗಳಲ್ಲಿ ಜಗ್ಗಾಟ ಬೇಡ.

ರಾಜಕೀಯ ಭಾಷಣಗಳಲ್ಲಿ ಈಗ ಹಿಂಬಾಲಕರನ್ನೂ ತನಿಖಾ ಸಂಸ್ಥೆಗಳನ್ನೂ 'ಛೂ ಬಿಡು'ತ್ತಾರೆ. ಬೈಗುಳ ಬಿಟ್ಟವರಿಗೋ, ಹೋದವರಿಗೋ? ನನ್ನ ಪ್ರಕಾರ ಇಬ್ಬರಿಗೂ. ಅಂದಹಾಗೆ ಜಾದೂಗಾರನ 'ಛೂಮಂತ್ರ' ಹಿಂದಿಯ ಕಡೆಯಿಂದ ಬಂದದ್ದು, ಇದರೊಂದಿಗೆ ಬೆರೆಸಬೇಡಿ.