ಮತ್ತು ಸಂಗಡಿಗರು

ನಮ್ಮೂರು ಶಿವಪುರ ಎಂದರೆ ಹೊರಗಿನವರಿಗೆ ನೆನಪಾಗುವುದು ಸತ್ಯಾಗ್ರಹ ಸೌಧ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನವರು ಇಲ್ಲಿ ಸೇರಿ, ನಿಷೇಧಾಜ್ಞೆಯನ್ನು ಲೆಕ್ಕಿಸದೆ ಬಾವುಟ ಹಾರಿಸಿದ ಕತೆಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ಹೇಳಹೊರಟಿರುವುದು ಅದಕ್ಕಿಂತ ಬಲು ಚಿಕ್ಕ ಚರಿತ್ರೆ; ನಮ್ಮ ದೊಡ್ಡವ್ವನ ಗಂಟಲಿನದು.

ಹೋದ ವರ್ಷ ನಮ್ಮ ಬೀದಿಯಲ್ಲಿ ಒಂದು ಮದುವೆ. ಅರಿಶಿನ ಶಾಸ್ತ್ರಕ್ಕೆ ಪದ ಹೇಳುವ ಹೆಂಗಸರು ಈಗೆಲ್ಲಿ ಸಿಗುತ್ತಾರೆ? ಹುಡುಗನೊಬ್ಬ ತನ್ನ ಫೋನಿನಿಂದ ಸೌಂಡ್ ಬಾಕ್ಸಿಗೆ ಸೋಬಾನೆ ಪದ ಹಾಕಿದ. ಎರಡನೆಯ ಪದ ಬರುತ್ತಿದ್ದಂತೆ ಅರಿಶಿನ ಕಲಸುತ್ತಿದ್ದ ನನ್ನ ಕೈ ನಿಂತೇ ಹೋಯಿತು. ಸಾಲಿನ ಕೊನೆಯನ್ನು ಉದ್ದಕ್ಕೆ ಎಳೆದು, ಉಸಿರು ಸಾಲದವರ ಹಾಗೆ ತಟಕ್ಕನೆ ಬಿಡುವ ಆ ದನಿ ದೊಡ್ಡವ್ವನದೇ. ಆಕೆ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಫೋನು ಇಸಿದುಕೊಂಡು ನೋಡಿದೆ. ಯಾವಳೋ ಚೆಲುವೆಯ ಚಿತ್ರ, ಕಂಪನಿಯ ಹೆಸರು, ನಾಲ್ಕು ಲಕ್ಷಕ್ಕೂ ಹೆಚ್ಚು ಸಲ ಕೇಳಿದ್ದಾರೆಂಬ ಲೆಕ್ಕ. ಹಾಡಿದವರು ಯಾರು ಎಂದರೆ, ‘ಜಾನಪದ ಕಲಾವಿದರು’.

ಆ ಹಾಡು ಮುದ್ರಣವಾದ ದಿನ ನನಗೆ ಚೆನ್ನಾಗಿ ನೆನಪಿದೆ. 1996. ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಕ್ಯಾಸೆಟ್ ಕಂಪನಿಯವರು ಎಂದು ಇಬ್ಬರು ಬಂದು, ನಮ್ಮ ಬೀದಿಯ ಐದು ಜನ ಹೆಂಗಸರನ್ನು ವ್ಯಾನಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದರು. ಜೊತೆಗೆ ಓದು ಬಂದವಳೊಬ್ಬಳು ಇರಲಿ ಎಂದು ನಾನೂ ಹೊರಟೆ. ಸ್ಟುಡಿಯೋದಲ್ಲಿ ಫ್ಯಾನು ಹಾಕುವಂತಿಲ್ಲ, ಬಳೆ ಸದ್ದಾಗುವಂತಿಲ್ಲ. ಬಳೆ ತೆಗೆಯಲು ದೊಡ್ಡವ್ವ ಒಪ್ಪಲಿಲ್ಲ, ಕೊನೆಗೆ ಸೆರಗು ಸುತ್ತಿಕೊಂಡು ಹಾಡಿದಳು. ಮುಗಿದ ಮೇಲೆ ಒಬ್ಬೊಬ್ಬರಿಗೆ 150 ರೂಪಾಯಿ, ಒಂದು ರವಿಕೆ ಕಣ. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಓದು ಬಂದವಳೆಂದು ಹೋಗಿದ್ದ ನಾನು ಆ ಕಾಗದವನ್ನು ಓದಲಿಲ್ಲ! ಊಟದ ಹೊತ್ತಾಗಿತ್ತು, ಬಸ್ಸಿನ ಚಿಂತೆಯಿತ್ತು, ಹೀಗೆ ಏನೇನೋ ಸಬೂಬು ಹೇಳಿಕೊಳ್ಳಬಹುದು. ಓದಲಿಲ್ಲ ಎನ್ನುವುದು ನಿಜ.

ಮೂರು ತಿಂಗಳಿಗೆ ಕ್ಯಾಸೆಟ್ಟು ಬಂತು. ಹೊದಿಕೆಯ ಮೇಲೆ ಸಿನಿಮಾದಲ್ಲಿ ಹಾಡುವ ಒಬ್ಬರ ಹೆಸರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಮತ್ತು ಸಂಗಡಿಗರು’. ದೊಡ್ಡವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ನನ್ನೆಸ್ರು ಎಲ್ಲದಮ್ಮಿ?” ಎಂದಳು. ನಾನು ‘ಸಂಗಡಿಗರು’ ಎಂಬಲ್ಲಿ ಬೆರಳಿಟ್ಟು ತೋರಿಸಿದೆ. ಅವಳಿಗೆ ಬೇಸರವಾದಂತೆ ಕಾಣಲಿಲ್ಲ. “ಓಗ್ಲಿ ಬುಡು, ಪದ ನಂದೇನಲ್ಲ ಕಣಮ್ಮಿ. ನಮ್ಮವ್ವ ಯೋಳ್ಕೊಟ್ಟಿದ್ದು” ಎಂದು ಒಳಗೆ ಹೋದಳು.

ಇದಕ್ಕಿಂತ ಸುಮಾರು ನೂರು ವರ್ಷ ಹಿಂದೆ, 1902ರಲ್ಲಿ, ಕಲ್ಕತ್ತೆಯಲ್ಲಿ ಒಬ್ಬ ಹೆಂಗಸು ಗ್ರಾಮಾಫೋನ್ ಕಂಪನಿಯ ಕೊಳವೆಯ ಮುಂದೆ ನಿಂತು ಹಾಡಿದಳು. ಆಕೆ ಗೌಹರ್ ಜಾನ್. ಧ್ವನಿ ಹಿಡಿದವನು ಫ್ರೆಡ್ ಗೈಸ್‌ಬರ್ಗ್. ಗಂಟೆಗಟ್ಟಲೆ ಬೆಳೆಸುವ ಸಂಗೀತವನ್ನು ಮೂರು ನಿಮಿಷಕ್ಕೆ ಇಳಿಸಬೇಕಿತ್ತು. ಪ್ಲೇಟು ಹಿಡಿಯುತ್ತಿದ್ದುದೇ ಅಷ್ಟು. ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ಪ್ಲೇಟು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಯಾವುದೆಂದು ಗುರುತು ಸಿಗಬೇಕಲ್ಲ! ಅವರ ಅನುಕೂಲಕ್ಕೆ ಹೇಳಿದ ಹೆಸರು ಇವತ್ತಿಗೂ ಆಕೆಯ ದನಿಯಲ್ಲೇ ಉಳಿದಿದೆ. ಇದೇ ಗೌಹರ್ ಜಾನ್ 1928ರಲ್ಲಿ ಮೈಸೂರಿಗೆ ಬಂದು ನಾಲ್ವಡಿಯವರ ಆಸ್ಥಾನ ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆಗ ಮಂಡ್ಯವೂ ಮೈಸೂರು ಜಿಲ್ಲೆಯೊಳಗೇ ಇತ್ತು. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರೂ ಪ್ಲೇಟಿಗೆ ಹಾಡಿದವರೇ. ಮನೆತನಸ್ಥರ ಹೆಂಗಸರು ನಾಲ್ಕು ಜನರ ಮುಂದೆ ಹಾಡಲು ಅಂಜುತ್ತಿದ್ದ ಕಾಲದಲ್ಲಿ ದೇವದಾಸಿ, ತವಾಯಿಫ್ ಮನೆತನದ ಇಂಥವರು ಧೈರ್ಯ ಮಾಡಿದರು. ಅದಕ್ಕೆ ದಾರಿಯಾದದ್ದು ಕಂಪನಿ ಎಂಬುದನ್ನು ಮರೆಯಬಾರದು.

ನಮ್ಮ ಕಾಲಕ್ಕೆ ಬಂದದ್ದು ಧ್ವನಿಸುರುಳಿ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಬಂದ ಮೇಲೆ, ಟೇಪ್ ರೆಕಾರ್ಡರ್ ಇದ್ದ ಮನೆಗಳಿಗೆಲ್ಲ ಭಾವಗೀತೆ ನುಗ್ಗಿತು. ಮುಂದೆ ಸಿ. ಅಶ್ವಥ್ ಅವರ ದನಿಯಲ್ಲಿ ಶಿಶುನಾಳ ಷರೀಫರು ಮನೆಮಾತಾದರು. 1987ರಲ್ಲಿ ಹಂಸಲೇಖರ ‘ಪ್ರೇಮಲೋಕ’ ಬಂದಾಗ, ಲಹರಿಯವರ ಆ ಕ್ಯಾಸೆಟ್ಟು ನಮ್ಮ ಮದ್ದೂರಿನ ಹೋಟೆಲುಗಳಲ್ಲಿ ವಡೆಯ ಜೊತೆಗೆ ಬೆಳಗಿನಿಂದ ರಾತ್ರಿಯವರೆಗೆ ಬೇಯುತ್ತಿತ್ತು. ನನಗೆ ಇವಕ್ಕಿಂತ ದೊಡ್ಡದಾಗಿ ಕಾಣುವುದು ಮಳವಳ್ಳಿ ಮಹದೇವಸ್ವಾಮಿಯವರು. ಮಂಟೇಸ್ವಾಮಿ, ಸಿದ್ಧಪ್ಪಾಜಿ, ಮಾದಪ್ಪನ ಕತೆಗಳನ್ನು ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುತ್ತಿದ್ದರು. ಕೇಳಬೇಕಾದರೆ ಅವರು ಊರಿಗೆ ಬರಬೇಕಿತ್ತು. ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳು ಬಂದ ಮೇಲೆ ಆ ಕತೆ ಟ್ರ್ಯಾಕ್ಟರಿನಲ್ಲಿ, ಗಾಣದ ಮನೆಯಲ್ಲಿ, ಬಸ್ಸಿನಲ್ಲಿ ಕೇಳತೊಡಗಿತು. ಸ್ಟುಡಿಯೋ ಬಾಡಿಗೆ, ಸಾವಿರಾರು ಪ್ರತಿ, ಹೊದಿಕೆಯ ಅಚ್ಚು, ಅಂಗಡಿ ಅಂಗಡಿಗೆ ಸರಬರಾಜು, ಸಾಲದ ವಸೂಲಿ. ಇಷ್ಟನ್ನೂ ಹಾಡುವವರು ತಾವೇ ಮಾಡಲು ಸಾಧ್ಯವಿತ್ತೆ? ಆಗ ಕಂಪನಿ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ.

ಈಗ ಈ ಕೆಲಸಗಳಲ್ಲಿ ಬಹುಪಾಲು ಫೋನಿನೊಳಗೆ ಸೇರಿಹೋಗಿದೆ. ಹಾಗಾದರೆ ಕಂಪನಿಗಳು ಮುಚ್ಚಬೇಕಿತ್ತಲ್ಲ? ಕ್ಯಾಸೆಟ್ಟಿನ ಅಂಗಡಿಗಳು ಮುಚ್ಚಿದವು, ಕಂಪನಿಗಳು ಉಳಿದವು. ಅವುಗಳ ಬೀರುವಿನಲ್ಲಿ ಹಳೆಯ ಹಾಡುಗಳಿದ್ದವು. ಹಾಡಿಗಿಂತ ಮುಖ್ಯವಾಗಿ, ಹಾಡಿನ ಕಾಗದಗಳಿದ್ದವು. 2016ರ ‘ಕಿರಿಕ್ ಪಾರ್ಟಿ’ ಚಿತ್ರದ ಒಂದು ಹಾಡಿನಲ್ಲಿ ‘ಶಾಂತಿ ಕ್ರಾಂತಿ’ಯ ಹಳೆಯ ಹಾಡೊಂದನ್ನು ಬಳಸಿಕೊಂಡಿದ್ದಾರೆ ಎಂಬ ತಕರಾರು ಎದ್ದಾಗ, ನ್ಯಾಯಾಲಯಕ್ಕೆ ಹೋದದ್ದು ಲಹರಿ ಸಂಸ್ಥೆ, ರಾಗ ಕಟ್ಟಿದ್ದ ಹಂಸಲೇಖರಲ್ಲ. ಹಾಡು ಯಾರದು ಎಂದು ಮಕ್ಕಳನ್ನು ಕೇಳಿದರೆ ಹಾಡಿದವರದು, ಬರೆದವರದು ಎನ್ನುತ್ತಾರೆ. ಕಾನೂನು ಬೇರೆ ಲೆಕ್ಕ ಹಾಕುತ್ತದೆ. ಧ್ವನಿಮುದ್ರಣವು ದುಡ್ಡು ಹಾಕಿ ಮುದ್ರಿಸಿದವರ ಸ್ವತ್ತು, ಅದೂ ಪ್ರಕಟವಾದ ಮೇಲೆ 60 ವರ್ಷಗಳ ಕಾಲ.

ಹಾಡುವವರ ಪರವಾಗಿ ಕಾನೂನು ಬಾಯಿ ಬಿಟ್ಟದ್ದು ಬಹಳ ತಡವಾಗಿ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ, ಹಾಡಿದವರ ಹೆಸರು ಹೇಳಬೇಕೆಂಬುದನ್ನು ಅವರ ಹಕ್ಕೆಂದು ಒಪ್ಪಿತು. ವ್ಯಾಪಾರಕ್ಕೆ ಬಳಸಿದಾಗ ಗೌರವಧನದಲ್ಲಿ ಪಾಲನ್ನೂ ಕೊಟ್ಟಿತು. ದೊಡ್ಡವ್ವ ಹಾಡಿ ಆಗಲೇ ಹದಿನಾರು ವರ್ಷವಾಗಿತ್ತು.

ಇದನ್ನೆಲ್ಲ ನಾನು ಕೆದಕಿ ಓದಿದ್ದು ಒಬ್ಬಳು ಹಳೆಯ ವಿದ್ಯಾರ್ಥಿನಿಯಿಂದಾಗಿ. ಮಳವಳ್ಳಿ ಕಡೆಯ ಹುಡುಗಿ, ತಾನೇ ಪದ ಕಟ್ಟಿ ಹಾಡುತ್ತಾಳೆ. ಮದುವೆ ಮುಗಿದ ತಿಂಗಳೊಪ್ಪತ್ತಿಗೆ ಕಾಗದದ ಕಟ್ಟೊಂದನ್ನು ಹಿಡಿದು ಬಂದಳು. “ಮಿಸ್, ಒಂದು ಕಂಪ್ನಿಯೋರು ಐದು ಹಾಡು ಕೇಳ್ತಾವ್ರೆ. ಇಪ್ಪತ್ತೈದು ಸಾವಿರ ಕೊಡ್ತಾರಂತೆ. ಸೈನ್ ಹಾಕ್ಲಾ?” ನನಗೆ ಮೈ ಜುಮ್ಮೆಂದಿತು. ಈ ಸಲ ಕನ್ನಡಕ ಹಾಕಿಕೊಂಡು ಕುಳಿತು ಮೊದಲಿನಿಂದ ಕೊನೆಯವರೆಗೆ ಓದಿದೆ. ಇಡೀ ಪ್ರಪಂಚಕ್ಕೆ, ಎಂದೆಂದಿಗೂ, ಇರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಿಗೆ ಎಂದಿತ್ತು. ಹೆಸರಿನ ಮಾತೇ ಇರಲಿಲ್ಲ.

ಕಾಯ್ದೆಯಲ್ಲಿ ಒಂದು ಸೊಗಸಿದೆ. ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಐದು ವರ್ಷ ಮಾತ್ರ, ಎಲ್ಲಿಗೆಂದು ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದು ಅರ್ಥ. ಅದಕ್ಕೇ ಕಂಪನಿಯವರು ಅವಧಿಯನ್ನೂ ಪ್ರಪಂಚವನ್ನೂ ಮರೆಯದೆ ಬರೆಯುತ್ತಾರೆ! ಪದ ಮತ್ತು ರಾಗ ಕಟ್ಟಿದವಳಾಗಿ ಗೌರವಧನದ ಸಮಪಾಲನ್ನು ಅವಳು ಬೇಕೆಂದರೂ ಕಂಪನಿಗೆ ಬಿಟ್ಟುಕೊಡುವಂತಿಲ್ಲ ಎಂದೂ 2012ರ ತಿದ್ದುಪಡಿಯಲ್ಲಿದೆ.

“ಕಂಪ್ನಿ ಬ್ಯಾಡ್ವೇ ಬ್ಯಾಡ ಅಂತೀರಾ ಮಿಸ್?” ಎಂದಳು. ಹಾಗೆನ್ನಲು ನನಗೆ ಬಾಯಿ ಬರಲಿಲ್ಲ. ಒಂಟಿಯಾಗಿ ಹೊರಟರೆ ಯೂಟ್ಯೂಬಿನ ಜಾಹೀರಾತಿನ ಪಾಲು ಸಿಗಲು 1000 ಚಂದಾದಾರರು, ವರ್ಷದಲ್ಲಿ 4000 ಗಂಟೆಗಳ ವೀಕ್ಷಣೆ ಬೇಕು. ಸ್ಪಾಟಿಫೈನವರು 2024ರಿಂದ, ವರ್ಷಕ್ಕೆ 1000 ಸಲವೂ ಕೇಳದ ಹಾಡಿಗೆ ಕಾಸು ಕೊಡುವುದನ್ನೇ ನಿಲ್ಲಿಸಿದ್ದಾರೆ. ಹಾಡುವುದರ ಜೊತೆಗೆ ಲೆಕ್ಕ, ಪ್ರಚಾರ, ತಕರಾರು ಎಲ್ಲವೂ ತಲೆಯ ಮೇಲೆ. ದೊಡ್ಡವರೂ ಇದನ್ನು ತಪ್ಪಿಸಿಕೊಂಡಿಲ್ಲ. ರಘು ದೀಕ್ಷಿತರ ಮೊದಲ ಆಲ್ಬಂ 2008ರಲ್ಲಿ ಬಂದದ್ದು ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಕಟ್ಟಿದ್ದ ಸಂಸ್ಥೆಯಿಂದ. ನಮ್ಮ ವಿ. ಹರಿಕೃಷ್ಣ ‘ಡಿ ಬೀಟ್ಸ್’ ಎಂದು ತಮ್ಮದೇ ಆಡಿಯೋ ಸಂಸ್ಥೆ ತೆರೆದರು. ಕಂಪನಿ ಮಾಡುವ ಕೆಲಸವನ್ನು ಯಾರಾದರೂ ಮಾಡಲೇಬೇಕು. ಅದಕ್ಕೆ ಹಾಡನ್ನು ಎಂದೆಂದಿಗೂ ಬರೆದುಕೊಡಬೇಕೆ ಎಂಬುದಷ್ಟೇ ನನ್ನ ತಕರಾರು. ಇನ್ನೊಂದು ಸಂಗತಿಯೂ ನನ್ನ ಬಾಯಿ ಕಟ್ಟುತ್ತದೆ. ಆ ಇಬ್ಬರು ವ್ಯಾನು ತೆಗೆದುಕೊಂಡು ಬರದಿದ್ದರೆ ದೊಡ್ಡವ್ವನ ದನಿಯನ್ನು ಆ ಮದುವೆಯಲ್ಲಿ ನಾನು ಕೇಳುತ್ತಿರಲಿಲ್ಲ. ನಾವು, ಅವಳದೇ ಮನೆಯವರು, ಒಂದು ಪದವನ್ನೂ ಹಿಡಿದಿಟ್ಟಿರಲಿಲ್ಲ.

ಅವಳ ಕಾಗದದಲ್ಲಿ ‘ಎಂದೆಂದಿಗೂ’ ಎಂಬುದನ್ನು ಹೊಡೆದು ‘ಐದು ವರ್ಷ’ ಎಂದು ಬರೆದೆವು. ಹಾಡಿನ ಜೊತೆ ಎಲ್ಲೆಡೆ ಅವಳ ಹೆಸರಿರಬೇಕೆಂದು ಒಂದು ಸಾಲು ಸೇರಿಸಿದೆವು. ಮದ್ದೂರಿನ ವಕೀಲರೊಬ್ಬರಿಗೆ ತೋರಿಸಿ ಕಳಿಸಿದಳು. ಕಂಪನಿಯವರಿಂದ ಈವರೆಗೆ ಉತ್ತರವಿಲ್ಲ. ಆ ಇಪ್ಪತ್ತೈದು ಸಾವಿರ ಅವರ ಮನೆಗೆ ಸಣ್ಣ ದುಡ್ಡಲ್ಲ. ಅವಳ ತಾಯಿ ಬೀದಿಯಲ್ಲಿ ಎದುರಾದಾಗ ಮುಖ ಬಿಗಿದುಕೊಂಡೇ ಮಾತನಾಡಿಸುತ್ತಾರೆ.

ಹುಡುಗಿ ಮಾತ್ರ ಸುಮ್ಮನೆ ಕೂತಿಲ್ಲ. ಹೋದ ವಾರ ಒಂದು ಹಾಡನ್ನು ಹಿತ್ತಲಿನಲ್ಲಿ ಕೂತು ಫೋನಿನಲ್ಲೇ ಮುದ್ರಿಸಿ ಕಳಿಸಿದ್ದಳು. ಶುರುವಿನಲ್ಲೇ ತನ್ನ ಹೆಸರು, ಊರು ಹೇಳಿಕೊಂಡಿದ್ದಾಳೆ. ನಡುವೆ ಪಕ್ಕದ ಮನೆಯ ಹುಂಜ ಎರಡು ಸಲ ಕೂಗಿದೆ. ಬೆಂಗಳೂರಿನ ಸ್ಟುಡಿಯೋದಲ್ಲಿ ಅದಕ್ಕೆ ಅವಕಾಶವಿರುತ್ತಿರಲಿಲ್ಲ.