ಕಂಪ್ಯೂಟರ್ ನಿಧಾನವಾದರೆ ಫಾರ್ಮ್ಯಾಟ್ ಮಾಡಿಸಲೇಬೇಕೇ?

ಕಂಪ್ಯೂಟರ್ ನಿಧಾನವಾಯಿತೇ? ಫಾರ್ಮ್ಯಾಟ್ ಮಾಡಿಸಿ, ಹೊಸದರಂತೆ ಓಡುತ್ತದೆ. ಆರು ತಿಂಗಳಿಗೊಮ್ಮೆ ಮಾಡಿಸುತ್ತಿದ್ದರೆ ವೈರಸ್ ಹತ್ತಿರ ಸುಳಿಯುವುದಿಲ್ಲ. ಇಂಥ ಸಲಹೆ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತದೆ, ರಿಪೇರಿ ಅಂಗಡಿಗಳಲ್ಲೂ ಕೇಳಿಬರುತ್ತದೆ. ಇದರಲ್ಲಿ ಒಂದಷ್ಟು ನಿಜವಿದೆ. ಆದರೆ ಪೂರ್ತಿ ನಂಬಿದರೆ ಏನಾಗಬಹುದು ಎಂಬುದಕ್ಕೆ ನಮಗೆ ಪರಿಚಯವಿರುವ ಹರಿಹರದ ಒಂದು ಮನೆ ಉದಾಹರಣೆ.

ಆ ಮನೆಯ ಹಿರಿಯರು ನಿವೃತ್ತ ಮೇಷ್ಟ್ರು. ಹಳೆಯ ಕಂಪ್ಯೂಟರ್ ಆನ್ ಆಗಲು ಹತ್ತು ನಿಮಿಷ ಹಿಡಿಯುತ್ತಿತ್ತು. ಮಗ ಅದನ್ನು ಬೈಕಿನಲ್ಲಿಟ್ಟುಕೊಂಡು ದಾವಣಗೆರೆಗೆ ತಂದು ಫಾರ್ಮ್ಯಾಟ್ ಮಾಡಿಸಿದರು. ಮನೆಗೆ ಬಂದು ನೋಡಿದರೆ, ಮೇಷ್ಟ್ರು ವರ್ಷಗಟ್ಟಲೆ ಕೂತು ಟೈಪ್ ಮಾಡಿದ್ದ ಮನೆತನದ ವಂಶಾವಳಿಯಲ್ಲಿ ಒಂದೂ ಕನ್ನಡ ಅಕ್ಷರವಿಲ್ಲ. ಬರೀ ಇಂಗ್ಲಿಷ್ ಅಕ್ಷರ, ಕೊಂಬು-ಬಾಲದ ಚಿಹ್ನೆಗಳು. ಡೆಸ್ಕ್‌ಟಾಪ್ ಮೇಲಿದ್ದ ಮಗಳ ಮದುವೆಯ ಫೋಟೋಗಳಂತೂ ಕಾಣಲೇ ಇಲ್ಲ. ಮೂರು ವಾರಕ್ಕೆ ಕಂಪ್ಯೂಟರ್ ಮತ್ತೆ ಹಳೆಯ ಚಾಳಿಗೆ ಬಂತು.

ಮೊದಲು ನಿಧಾನದ ವಿಷಯ. ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಹೊಸದಾಗಿ ಕೂರುತ್ತದೆ, ಯಂತ್ರ ಹೊಸದಾಗುವುದಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಡಿಸ್ಕ್ ಬಳಕೆ ಸದಾ 100%ರ ಹತ್ತಿರವೇ ನಿಂತಿದ್ದರೆ ತಿರುಗುವ ಹಳೆಯ ಹಾರ್ಡ್‌ಡಿಸ್ಕ್ ಮೇಲೆ ಅನುಮಾನ ಪಡಬೇಕು. ಮೆಮೊರಿ ತುಂಬಿ ತುಳುಕುತ್ತಿದ್ದರೆ ರ್‍ಯಾಮ್ ಸಾಲುತ್ತಿಲ್ಲ. ಅಲ್ಲೇ ಇರುವ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ ಪ್ರೋಗ್ರಾಂಗಳನ್ನು ನಿಲ್ಲಿಸುವುದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ನಮ್ಮ ಅನುಭವದಲ್ಲಿ ಹಳೆಯ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿಸಿದಾಗ ಸಿಗುವ ವೇಗ ಹತ್ತು ಸಲ ಫಾರ್ಮ್ಯಾಟ್ ಮಾಡಿಸಿದರೂ ಸಿಗುವುದಿಲ್ಲ. ಹಾರ್ಡ್‌ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಫಾರ್ಮ್ಯಾಟ್ ಮಾತು ಬಿಡಿ, ಮೊದಲು ಫೈಲ್‌ಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಿ.

ಹಾಗಾದರೆ ಫಾರ್ಮ್ಯಾಟ್ ಯಾವಾಗ ಬೇಕು? ವೈರಸ್ ಗಟ್ಟಿಯಾಗಿ ಬೇರೂರಿದಾಗ. ವಿಂಡೋಸ್‌ನಲ್ಲೇ ಇರುವ ಡಿಫೆಂಡರ್‌ಗೆ ಆಫ್‌ಲೈನ್ ಸ್ಕ್ಯಾನ್ ಎಂಬ ಆಯ್ಕೆಯಿದೆ. ಅದು ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ಹುಡುಕುತ್ತದೆ, ಸುಮಾರು 15 ನಿಮಿಷ ಸಾಕು. ಅದಾದ ಮೇಲೂ ಕಾಟ ತಪ್ಪದಿದ್ದರೆ, ಅಥವಾ ಯಾರೋ ಅಪರಿಚಿತರಿಗೆ ಫೋನಿನಲ್ಲಿ ಮಾತಾಡುತ್ತಾ ನಿಮ್ಮ ಕಂಪ್ಯೂಟರಿನ ಹಿಡಿತ ಬಿಟ್ಟುಕೊಟ್ಟಿದ್ದರೆ, ಪೂರ್ತಿ ಅಳಿಸಿ ಹೊಸದಾಗಿ ಹಾಕುವುದೇ ಕ್ಷೇಮ. ಆದರೆ ಕದ್ದುಹೋದ ಪಾಸ್‌ವರ್ಡ್ ಫಾರ್ಮ್ಯಾಟ್‌ನಿಂದ ವಾಪಸ್ ಬರುವುದಿಲ್ಲ, ಬೇರೆ ಫೋನಿನಿಂದ ಎಲ್ಲವನ್ನೂ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಪುರಾವೆಗಳನ್ನು ಉಳಿಸಿಕೊಂಡ ಮೇಲಷ್ಟೇ ಅಳಿಸುವ ಯೋಚನೆ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ್‍ಯಾನ್ಸಮ್‌ವೇರ್ ಬಂದಿದ್ದರೂ ಅವಸರದಲ್ಲಿ ಅಳಿಸಬೇಡಿ. ಬೀಗ ಬಿದ್ದ ಫೈಲ್‌ಗಳ ನಕಲು ಇಟ್ಟುಕೊಳ್ಳಿ. ಯುರೋಪೋಲ್ ಮತ್ತಿತರರು 2016ರಲ್ಲಿ ಶುರುಮಾಡಿದ ನೋ ಮೋರ್ ರ್‍ಯಾನ್ಸಮ್ ತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಉಚಿತ ಕೀಲಿ ಸಿಗುತ್ತದೆ.

ಇನ್ನೊಂದು ಫಾರ್ವರ್ಡ್: ವಿಂಡೋಸ್ 10 ಮುಗಿಯಿತು, ಎಲ್ಲ ಅಳಿಸಿ 11 ಹಾಕಿಸಿ ಎಂಬುದು. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ನಿಂತಿದ್ದು ನಿಜ. ಆದರೆ ಕಂಪ್ಯೂಟರ್ ಅರ್ಹವಾಗಿದ್ದರೆ ಫೈಲ್‌ಗಳನ್ನು ಮುಟ್ಟದೆಯೇ 11ಕ್ಕೆ ಏರಬಹುದು. ಮನೆ ಬಳಕೆದಾರರಿಗೆ ಭದ್ರತಾ ಅಪ್‌ಡೇಟ್‌ಗಳನ್ನು 2026ರ ಅಕ್ಟೋಬರ್‌ವರೆಗೆ ಪಡೆಯುವ ಯೋಜನೆಯನ್ನೂ ಮೈಕ್ರೋಸಾಫ್ಟ್ ಪ್ರಕಟಿಸಿತ್ತು.

ಈಗ ಮೇಷ್ಟ್ರ ಫೈಲ್‌ಗಳಿಗೆ ಬರೋಣ. ಹೆಚ್ಚಾಗಿ ಫಾರ್ಮ್ಯಾಟ್ ಮಾಡುವಾಗ ಸಿ ಡ್ರೈವ್ ಮಾತ್ರ ಅಳಿಸುತ್ತಾರೆ, ಡಿ ಡ್ರೈವ್ ಹಾಗೇ ಉಳಿಯುತ್ತದೆ. ಹಾಗಾಗಿ ಎಲ್ಲವೂ ಸುರಕ್ಷಿತ ಎಂದುಕೊಳ್ಳುತ್ತೇವೆ. ಆದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಸಾಮಾನ್ಯವಾಗಿ ಇರುವುದು ಸಿ ಡ್ರೈವ್‌ನಲ್ಲೇ. ಮದುವೆ ಫೋಟೋ ಹೋಗಿದ್ದು ಹೀಗೆ. ಅಂಗಡಿ ಲೆಕ್ಕ ಬರೆಯುವವರು ಟ್ಯಾಲಿಯ ಡೇಟಾ ಫೋಲ್ಡರ್ ಎಲ್ಲಿದೆ ಎಂದು ಮೊದಲೇ ನೋಡಿಕೊಳ್ಳಬೇಕು.

ವಂಶಾವಳಿಯ ಕಥೆ ಬೇರೆ, ಅದು ಕನ್ನಡಿಗರಿಗೇ ವಿಶೇಷವಾದದ್ದು. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದಾಗ ಫೈಲ್‌ನಲ್ಲಿ ಉಳಿಯುವುದು ನಿಜಕ್ಕೂ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ, ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಫಾರ್ಮ್ಯಾಟ್ ಮಾಡಿದಾಗ ಫಾಂಟ್ ಹೋಯಿತು, ವೇಷ ಕಳಚಿತು. ಬರಹಕ್ಕೆ ಏನೂ ಆಗಿಲ್ಲ. ಇದು ತಿಳಿಯದೆ ಫೈಲ್ ಕೆಟ್ಟಿತೆಂದು ಡಿಲೀಟ್ ಮಾಡಿದವರೂ ನಮಗೆ ಗೊತ್ತು! ಅದೇ ಫಾಂಟ್ ಮತ್ತೆ ಹಾಕಿದರೆ ಸಾಕು. ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳೂ ಇವೆ. ಹಾಗೆ ಬದಲಿಸಿಟ್ಟರೆ ಮೊಬೈಲಿನಲ್ಲೂ ಓದಬಹುದು. ಒತ್ತಕ್ಷರ, ಅಂಕಿಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ ಸರಿಪಡಿಸಿ.

ಅಂಗಡಿಗೆ ಕೊಡುವ ಮುನ್ನ ಒಂದು ಮಾತು ಕೇಳಿ: ಹಾಕುವ ವಿಂಡೋಸ್ ಅಸಲಿಯೇ? ಕದ್ದ ವಿಂಡೋಸ್‌ಗೆ ಬಳಸುವ ಆಕ್ಟಿವೇಟರ್‌ಗಳು ಬಹಳ ಸಲ ಆ್ಯಂಟಿವೈರಸ್ ಆಫ್ ಮಾಡಿ ಎನ್ನುತ್ತವೆ. ವೈರಸ್ ತೆಗೆಸಲು ಹೋಗಿ ಬಾಗಿಲು ತೆರೆದಿಟ್ಟು ಬಂದಂತೆ. ಅಸಲಿ ವಿಂಡೋಸ್ 10 ಅಥವಾ 11 ಇದ್ದ ಕಂಪ್ಯೂಟರಿನಲ್ಲಿ ಅದೇ ಆವೃತ್ತಿಯನ್ನು ಮರಳಿ ಹಾಕಿದರೆ, ಇಂಟರ್ನೆಟ್ ಸಿಕ್ಕ ಮೇಲೆ ಸಾಮಾನ್ಯವಾಗಿ ತಾನೇ ಆಕ್ಟಿವೇಟ್ ಆಗುತ್ತದೆ.

ಮೇಷ್ಟ್ರ ಕಂಪ್ಯೂಟರಿಗೆ ನುಡಿ ಮತ್ತೆ ಹಾಕಿದೆವು, ಅಜ್ಜ-ಮುತ್ತಜ್ಜಂದಿರೆಲ್ಲ ಕನ್ನಡದಲ್ಲಿ ಸಾಲಾಗಿ ಬಂದರು. ಮದುವೆ ಫೋಟೋಗಳು ಮಾತ್ರ ಸಿಗಲಿಲ್ಲ. ಸ್ಟುಡಿಯೋದವರ ಬಳಿ ಹಳೆಯ ಡಿವಿಡಿ ಉಳಿದಿದೆಯೇ ಎಂದು ಮಗ ವಿಚಾರಿಸುತ್ತಿದ್ದಾರೆ.