ಬದಲಾಗುವ ಪಾಠ, ಬದಲಾಗದ ಪ್ರಶ್ನೆ

ಹತ್ತರಗಿಯ ಕಡೆಯಿಂದ ಹುಕ್ಕೇರಿಗೆ ಹೋದ ವಾಚಕರು ಅಲ್ಲಿಯ ಹಳೆಯ ಗುಮ್ಮಟಗಳನ್ನು ನೋಡಿಯೇ ಇರುತ್ತೀರಿ. ಅವು ಬಿಜಾಪುರದ ಆದಿಲಶಾಹಿ ಕಾಲದವು. ಇಂಥ ನೆಲದ ಮಕ್ಕಳಿಗೆ ಪಾಠ ಹೇಳುವ ಭಾಗ್ಯ ನನ್ನದು. ನಾನು ಕನ್ನಡದ ಪಂಡಿತನಾದರೂ ಆಗಾಗ ಸಮಾಜವಿಜ್ಞಾನದ ತಾಸನ್ನೂ ತೆಗೆದುಕೊಳ್ಳಬೇಕಾಗುತ್ತದೆ.

2022ರ ಮಳೆಗಾಲದಲ್ಲಿ ಒಬ್ಬ ಹುಡುಗಿ ಎದ್ದುನಿಂತು, “ಸರ್, ಹೋದ ವರ್ಷ ನಮ್ಮ ಅಕ್ಕ ಓದಿದ್ದು ಈ ವರ್ಷದ ಪುಸ್ತಕದಾಗ ಇಲ್ರೀ. ಅಕ್ಕ ಓದಿದ್ದು ಸುಳ್ಳೇನ್ರಿ?” ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ. ಅದು ಏಕೆ ಹೋಯಿತೆಂದು ನನಗೂ ಯಾರೂ ತಿಳಿಸಿರಲಿಲ್ಲ.

ಆ ವರ್ಷ ನಮ್ಮ ರಾಜ್ಯದ ಪಠ್ಯಪರಿಷ್ಕರಣೆ ದೊಡ್ಡ ವಿವಾದಕ್ಕೆ ಕಾರಣವಾಯಿತು. 9ನೆಯ ತರಗತಿಯ ಸಮಾಜವಿಜ್ಞಾನದಲ್ಲಿ ಡಾ. ಅಂಬೇಡ್ಕರರಿಗೆ ಸಲ್ಲುವ ‘ಸಂವಿಧಾನ ಶಿಲ್ಪಿ’ ಎಂಬ ಮಾತು ಬಿಟ್ಟುಹೋಗಿ, ಮತ್ತೆ ಸೇರಿಸಬೇಕಾಯಿತು. ತಮ್ಮ ಬರಹವನ್ನು ಪಠ್ಯದಿಂದ ಕೈಬಿಡಬೇಕೆಂದು ದೇವನೂರ ಮಹಾದೇವರು ತಿಳಿಸಿದರು. 2023ರಲ್ಲಿ ಸರಕಾರ ಬದಲಾಯಿತು. ಪಾಠಗಳೂ ಮತ್ತೆ ಬದಲಾದವು.

ದಿಲ್ಲಿಯಲ್ಲಿಯೂ ಇದೇ ಕಥೆ. ಕೋವಿಡ್ಡಿನ ತರುವಾಯ ಮಕ್ಕಳ ಹೊರೆ ಇಳಿಸಬೇಕೆಂದು ಎನ್.ಸಿ.ಇ.ಆರ್.ಟಿ.ಯವರು 2022ರಲ್ಲಿ ಹಲವು ಪಾಠಗಳನ್ನು ತೆಗೆದರು. 12ನೆಯ ತರಗತಿಯಲ್ಲಿ ಮೊಗಲರ ದರಬಾರಿನ ಅಧ್ಯಾಯ, 10ನೆಯ ತರಗತಿಯಲ್ಲಿ ಜನರ ಹೋರಾಟಗಳ ಅಧ್ಯಾಯ ಹೋದವು. 2023ರಲ್ಲಿ ಅನೇಕ ಇತಿಹಾಸಕಾರರು ಇದನ್ನು ಆಕ್ಷೇಪಿಸಿದರು. ರಾಜ್ಯಶಾಸ್ತ್ರದ ಪುಸ್ತಕಗಳಿಗೆ ಮುಖ್ಯ ಸಲಹೆಗಾರರಾಗಿದ್ದ ಸುಹಾಸ ಪಳಶೀಕರ, ಯೋಗೇಂದ್ರ ಯಾದವ ಇಬ್ಬರೂ, ಆ ಪುಸ್ತಕಗಳಿಂದ ತಮ್ಮ ಹೆಸರನ್ನು ತೆಗೆಯಬೇಕೆಂದು ಬರೆದರು. 2024ರಲ್ಲಿ 6ನೆಯ ತರಗತಿಗೆ ಇತಿಹಾಸ, ಭೂಗೋಲ, ಪೌರನೀತಿಗಳ ಮೂರು ಪುಸ್ತಕಗಳಿಗೆ ಬದಲು ಒಂದೇ ಪುಸ್ತಕ ಬಂದಿತು.

ಪುಸ್ತಕ ಬದಲಾಗಲೇ ಬಾರದೆಂದು ನಾನು ಹೇಳಲಾರೆ. ಹೊಸದೊಂದು ಶಾಸನ ದೊರೆತರೆ ಹಳೆಯ ಮಾತನ್ನು ತಿದ್ದಲೇಬೇಕು. ಮಕ್ಕಳ ಚೀಲದ ಭಾರವೂ ಸುಳ್ಳಲ್ಲ. ಆದರೆ ಅಕ್ಕಸಾಲಿಗನು ಚಿನ್ನವನ್ನು ಒರೆಗೆ ಹಚ್ಚಿ ತೋರಿಸುವಂತೆ, ಬದಲಿಸಿದವರು ಕಾರಣವನ್ನು ತೋರಿಸಬೇಕು. ಅದೂ ಶಾಲೆಯ ಬಾಗಿಲು ತೆರೆಯುವ ಮೊದಲೇ, ಪಾಠ ಹೇಳುವವರ ಕೈಗೆ. ಏಕೆಂದರೆ ಅಧ್ಯಾಯ ಹೋದರೂ ಹುಕ್ಕೇರಿಯ ಗುಮ್ಮಟ ಹೋಗುವುದಿಲ್ಲ. ಕಟ್ಟಿಸಿದವರು ಏನಾದರೆಂದು ಮಗು ಕೇಳುತ್ತದೆ. 1686ರಲ್ಲಿ ಆದಿಲಶಾಹಿಯನ್ನು ಕೊನೆಗಾಣಿಸಿದವರು ಮೊಗಲರೇ ಎಂದು ಹೇಳದೆ ಆ ಕಥೆ ಮುಗಿಯದು.

ಮರುದಿನ ಆ ಹುಡುಗಿಗೆ ಅಕ್ಕನ ಪುಸ್ತಕವನ್ನು ತರಹೇಳಿದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದೆವು. ಏನು ಬಿಟ್ಟಿದೆ, ಏನು ಸೇರಿದೆ ಎಂಬುದನ್ನು ಮಕ್ಕಳೇ ಹಲಗೆಯ ಮೇಲೆ ಬರೆದರು. “ಅಕ್ಕ ಓದಿದ್ದು ಸುಳ್ಳಲ್ಲವ್ವಾ, ಆರಿಸಿದವರು ಬೇರೆ ಆದರು, ಅಷ್ಟೆ. ಸುಳ್ಳೋ ಖರೇನೋ ನಾವೇ ಹುಡುಕಿ ನೋಡಬೇಕು” ಎಂದೆ.

ತಮ್ಮ ಮನೆಯಲ್ಲಿಯೂ ಅಕ್ಕನದೊಂದು, ತಮ್ಮನದೊಂದು ಪುಸ್ತಕವಿದ್ದರೆ, ಹಳೆಯದನ್ನು ರದ್ದಿಗೆ ಹಾಕುವ ಮುನ್ನ ಒಂದು ಸಂಜೆ ಹೀಗೆ ಇಟ್ಟು ನೋಡಿರಿ.